ಸೊಸೆಗೆ ಹೊಲಿಗೆಯೇ ಬೇಕಂತೆ

ಹೊಟ್ಟೆಗೆ ತೂತು ಹಾಕಿಸುವುದೋ, ಕೊಯ್ಯಿಸುವುದೋ?

ಯುಗಾದಿ ಕಳೆದ ಮೇಲೊಂದು ಭಾನುವಾರ ಈ ಗಹನವಾದ ಪ್ರಶ್ನೆಗೆ ಉತ್ತರ ಹುಡುಕಲು ಬಬ್ಬೂರಿನ ಹತ್ತಿರ ನನ್ನ ತಂಗಿ ರತ್ನಳ ಮನೆಯ ಪಡಸಾಲೆಯಲ್ಲಿ ಸಭೆ ಸೇರಿತ್ತು. ರತ್ನ, ಅವಳ ಗಂಡ, ಮಗ ಮಂಜ, ಪಕ್ಕದ ಮನೆಯ ಸಾಕಮ್ಮ, ಜೊತೆಗೆ ಚಿತ್ರದುರ್ಗದಿಂದ ಬಸ್ಸು ಹತ್ತಿ ಬಂದ ನಾನು. (ಪೇಪರಿನಲ್ಲಿ ಬರೆಯುವವರಿಗೆ ಎಲ್ಲವೂ ಗೊತ್ತಿರುತ್ತದೆ ಎಂದು ನಮ್ಮ ನೆಂಟರ ನಂಬಿಕೆ. ನಾನೂ ಅದನ್ನು ಅಲ್ಲಗಳೆಯಲು ಹೋಗಿಲ್ಲ.) ಹೊಟ್ಟೆ ಯಾರದೋ ಅವಳು, ಅಂದರೆ ಮಂಜನ ಹೆಂಡತಿ ಶಿಲ್ಪಾ, ಒಳಗೆ ನಮಗೆಲ್ಲ ಮುದ್ದೆ ತಿರುವುತ್ತಿದ್ದಳು.

ಮೊದಲನೆಯದು ಹೆಣ್ಣು, ಎರಡನೆಯದು ಗಂಡು. ಹಾಗಾಗಿ ಮನೆಯವರಿಗೆಲ್ಲ 'ಇನ್ನು ಸಾಕು' ಎಂಬ ಜ್ಞಾನೋದಯವಾಗಿತ್ತು. (ಎರಡನೆಯದೂ ಹೆಣ್ಣಾಗಿದ್ದರೆ ಈ ಸಭೆಯೇ ಇರುತ್ತಿರಲಿಲ್ಲ, ಬಿಡಿ.)

ಗೊತ್ತಿಲ್ಲದ ಗಂಡಸರಿಗಾಗಿ ಒಂದು ಮಾತು. ಮಕ್ಕಳಾಗದಂತೆ ಹೆಂಗಸರಿಗೆ ಮಾಡುವ ಆಪರೇಷನ್ನಿನಲ್ಲಿ ಎರಡು ಬಗೆ. ಒಂದು ಲ್ಯಾಪರೋಸ್ಕೋಪಿ. ಹೊಕ್ಕುಳ ಹತ್ತಿರ ಸಣ್ಣ ತೂತು ಮಾಡಿ ಕೆಲಸ ಮುಗಿಸುತ್ತಾರೆ. ಇನ್ನೊಂದು ಹಳೆಯ ಕಾಲದ್ದು. ಹೊಟ್ಟೆಯನ್ನು ಒಂದಿಷ್ಟು ಕೊಯ್ದು, ನಾಳ ಕಟ್ಟಿ, ಹೊಲಿಗೆ ಹಾಕುತ್ತಾರೆ. ನಮ್ಮ ರತ್ನಳ ಬಾಯಲ್ಲಿ ಇವು ತೂತಿನ ಆಪರೇಷನ್, ಹೊಲಿಗೆ ಆಪರೇಷನ್.

"ತೂತಿಂದೇ ಮಾಡ್ಸಾಣ ಅಕ್ಕ," ಎಂದಳು ರತ್ನ. "ಐಮಂಗಲದಾಗೆ ನಮ್ಮ ಮಲ್ಲಮ್ಮನ ಸೊಸೆಗೆ ಮಾಡ್ಸಿದ್ರಲ್ಲ, ಮೂರನೇ ದಿನಕ್ಕೇ ಎದ್ದು ರೊಟ್ಟಿ ಬಡಿದ್ಲಂತೆ."

"ಬರೀ ರೊಟ್ಟಿ ಅಲ್ಲ, ಹಾಲೂ ಕರೆದ್ಲು," ಎಂದು ಸಾಕಮ್ಮ ಸಾಕ್ಷಿ ನುಡಿದಳು.

ನೋವೆಷ್ಟು ಅಂತ ಯಾರೂ ಕೇಳಲಿಲ್ಲ. ಯಾವಾಗ ಕೆಲಸಕ್ಕೆ ಸಿಗುತ್ತಾಳೆ ಎಂಬುದೊಂದೇ ಚಿಂತೆ. ಟ್ರ್ಯಾಕ್ಟರನ್ನು ಸರ್ವಿಸ್‌ಗೆ ಬಿಟ್ಟವರು ಗ್ಯಾರೇಜಿನಲ್ಲಿ ಕೇಳುವ ಪ್ರಶ್ನೆಯೂ ಇದೇ ತಾನೆ? ನಾನೂ ತಲೆಯಾಡಿಸಿದೆ. ಗಾಯ ಸಣ್ಣದು, ಬೇಗ ಚೇತರಿಕೆ, ಅದೇ ಮಾಡರ್ನ್ ಎಂದು ಪುಟ್ಟ ಭಾಷಣವನ್ನೂ ಬಿಗಿದೆ.

ಅಷ್ಟಕ್ಕೆ ಸುಮ್ಮನಿರಬೇಕಿತ್ತು. ನಾಲಿಗೆ ಕೇಳಬೇಕಲ್ಲ?

"ಲೇ ಮಂಜ, ಗಂಡಸರದ್ದು ಇವೆರಡಕ್ಕಿಂತ ಸುಲಭವಂತಪ್ಪ. ಹೊಟ್ಟೆ ಮುಟ್ಟೋದೇ ಇಲ್ಲ."

ಮಂಜನ ಮೊಬೈಲಿಗೆ ತುರ್ತಾಗಿ ಏನೋ ಬಂತು. ಅವನಪ್ಪ, ತೋಟದ ಮೋಟರ್ ಆಫ್ ಮಾಡುವುದು ನೆನಪಾಗಿ, ಎದ್ದೇ ಹೋದರು.

"ಅವನು ಭಾರ ಎತ್ತೋ ಗಂಡ್ಸು ಕಣಕ್ಕ," ಎಂದಳು ರತ್ನ. "ನಾಳೆ ಏನಾರ ಹೆಚ್ಚು ಕಮ್ಮಿ ಆದ್ರೆ?"

(ಆ ಮನೆಯಲ್ಲಿ ನೀರಿನ ಕೊಡ, ಹುಲ್ಲಿನ ಹೊರೆ, ಡೈರಿಗೆ ಹೋಗುವ ಹಾಲಿನ ಕ್ಯಾನು, ಎಲ್ಲ ಎತ್ತುವವಳು ಶಿಲ್ಪಾ. ಮಂಜ ಎತ್ತುವ ಭಾರ ಮೊಬೈಲಿನದ್ದು. ಅದೂ ಈಗ ಸ್ಲಿಮ್ ಆಗಿದೆ.)

ಊಟವಾದ ಮೇಲೆ ಹಿತ್ತಲಲ್ಲಿ ಕೈ ತೊಳೆಯುತ್ತಿದ್ದೆ. ಶಿಲ್ಪಾ ಚೊಂಬು ಹಿಡಿದು ಬಂದು ಮೆಲ್ಲಗೆ ಹೇಳಿದಳು: "ದೊಡ್ಡತ್ತೆ, ಹೊಲಿಗೇದೇ ಮಾಡ್ಸಾಕೆ ಹೇಳ್ರಿ."

ನಾನು ಮತ್ತೆ ಭಾಷಣ ಶುರುಮಾಡಿದೆ.

"ಅದೆಲ್ಲ ಗೊತ್ತೈತ್ರಿ. ಯೂಟ್ಯೂಬ್‌ನಾಗೆ ಎರಡೂ ನೋಡೀನಿ," ಎಂದು ತಡೆದಳು. "ತೂತು ಯಾರಿಗೂ ಕಾಣಲ್ಲ. ಹೊಲಿಗೆ ಹಾಕಿದ್ರೆ ತವರಿಗೆ ಕಳಿಸ್ತಾರೆ. ಭಾರ ಎತ್ತಬಾರ್ದು ಅಂತ ಅತ್ತೇನೇ ಊರಿಗೆಲ್ಲ ಹೇಳ್ತಾರೆ. ನಾನು ಒಂದು ತಿಂಗ್ಳು ಮಲಗ್ಬೇಕು ದೊಡ್ಡತ್ತೆ. ಅಷ್ಟೇ."

ನಿಜ. ಹೊಲಿಗೆ ಬಿದ್ದ ಹೊಟ್ಟೆಗೆ ನಮ್ಮ ಕಡೆ ಬಾಣಂತಿಯಷ್ಟೇ ಮರ್ಯಾದೆ. ಎರಡನೇ ಹೆರಿಗೆಯಾದಾಗ ಹೊಳಲ್ಕೆರೆಯ ತವರಿಗೆ ಹೋಗಿದ್ದ ಇವಳನ್ನು, ಹಸು ಕರು ಹಾಕಿದೆ, ನೋಡಿಕೊಳ್ಳುವವರಿಲ್ಲ ಎಂದು ನಡುವೆಯೇ ಕರೆಸಿಕೊಂಡಿದ್ದರು. ಬಾಣಂತನ ಹಸುವಿಗೆ ಆಯಿತು.

"ರೆಸ್ಟ್ ಬೇಕು ಅಂತ ಬಾಯಿಬಿಟ್ಟು ಕೇಳೋಕೇನು?"

"ಕೇಳಿದ್ರೆ, ನಿಂಗೇನಾಗೈತೆ ಅಂತಾರೆ. ಏನಾರ ಆಗಿರ್ಬೇಕಲ್ರಿ?"

ನನಗೆ ಸಿಟ್ಟು ನೆತ್ತಿಗೇರಿತು. ರತ್ನಳ ಮೇಲೋ, ಮಂಜನ ಮೇಲೋ, 'ಬೇಗ ಚೇತರಿಕೆ' ಎಂದು ಭಾಷಣ ಬಿಗಿದ ನನ್ನ ಮೇಲೋ, ಹೇಳಲಾರೆ. ಬೇಗ ಏಳುವುದು ಯಾರ ಅನುಕೂಲಕ್ಕೆ ಎಂದು ನಾನು ಯೋಚಿಸಿಯೇ ಇರಲಿಲ್ಲ.

ಮುಂದಿನ ವಾರ ಹಿರಿಯೂರಿನ ಆಸ್ಪತ್ರೆಗೆ ನಾನೂ ಹೋದೆ. ಲೇಡಿ ಡಾಕ್ಟರು ಎರಡನ್ನೂ ವಿವರಿಸಿ, "ಶಿಲ್ಪಾ, ನಿಮಗೆ ಯಾವುದು ಬೇಕು?" ಎಂದರು.

"ತೂತಿಂದು ಮೇಡಂ," ಎಂದಳು ರತ್ನ.

"ನಿಮ್ಮನ್ನ ಕೇಳಲಿಲ್ಲಮ್ಮ."

"ಹೊಲಿಗೇದು," ಎಂದಳು ಶಿಲ್ಪಾ. ಮದುವೆಯಾಗಿ ಬಂದ ಮೇಲೆ ಅತ್ತೆಯ ಎದುರು ಅವಳಾಡಿದ ಮೊದಲ ಅಡ್ಡಮಾತು ಅದೇ ಇರಬೇಕು. ರತ್ನ ಬಾಯಿ ತೆರೆದು ನನ್ನ ಕಡೆ ನೋಡಿದಳು. ನಾನು ಸುಳ್ಳೊಂದನ್ನು ಧಾರಾಳವಾಗಿ ಎಸೆದೆ: "ಹೊಲಿಗೇದೇ ಗಟ್ಟಿ ಕಣೇ."

ಗಟ್ಟಿ ಎಂದರೆ ನಮ್ಮವರು ಎರಡನೇ ಮಾತಾಡುವುದಿಲ್ಲ. ಪಾತ್ರೆಯಾಗಲಿ, ಸಂಬಂಧವಾಗಲಿ. ಡಾಕ್ಟರು ನನ್ನ ಮುಖ ನೋಡಿದರು, ಶಿಲ್ಪಾಳ ಮುಖ ನೋಡಿದರು. ಏನು ಅರ್ಥವಾಯಿತೋ, ರತ್ನಳ ಕಡೆ ತಿರುಗಿ, "ಒಂದು ತಿಂಗಳು ಕೊಡಪಾನ ಕೂಡ ಎತ್ತಿಸೋ ಹಂಗಿಲ್ಲ, ಹೇಳಿದ್ದೀನಿ," ಎಂದು ದಬಾಯಿಸಿದರು. ಆ ತಾಯಿಯ ಹೊಟ್ಟೆ ತಣ್ಣಗಿರಲಿ.

ಆಪರೇಷನ್ ಚೆನ್ನಾಗಿಯೇ ಆಯಿತು. ಶಿಲ್ಪಾ ಮಕ್ಕಳೊಂದಿಗೆ ಹೊಳಲ್ಕೆರೆಗೆ ಹೋದಳು. ಇತ್ತ ಮಂಜ ವಾರವಿಡೀ ಹಾಲು ಕರೆದು, ಸೊಂಟ ಹಿಡಿದುಕೊಂಡು ಮಂಚ ಸೇರಿದ. ರತ್ನ ಅವನಿಗೆ ಬಿಸಿನೀರಿನ ಶಾಖ ಕೊಟ್ಟು, "ಪಾಪ, ಮಲಕ್ಕಳ್ಲಿ ಬಿಡು," ಎಂದಳಂತೆ. ನೋಡಿ, ಅವನಿಗೆ ಒಂದು ಹೊಲಿಗೆಯೂ ಬೇಕಾಗಲಿಲ್ಲ.

ತಿಂಗಳು ತುಂಬುವ ಹೊತ್ತಿಗೆ ಹೊಳಲ್ಕೆರೆಗೆ ಹೋಗಿ ನೋಡಿದೆ. ಫ್ಯಾನಿನ ಕೆಳಗೆ ಮಲಗಿ ಮಲಗಿ ಶಿಲ್ಪಾಳ ಕೆನ್ನೆ ತುಂಬಿಕೊಂಡಿತ್ತು. ಮಂಚದ ಪಕ್ಕ ಬ್ಯಾಗು ರೆಡಿಯಾಗಿತ್ತು. ಬೆಳಿಗ್ಗೆ ಮಂಜ ಕರೆದೊಯ್ಯಲು ಬರುತ್ತಾನಂತೆ.

"ಹುಷಾರಾಗಿದ್ದೀಯಲ್ಲ?" ಎಂದೆ.

"ಹೂಂ ದೊಡ್ಡತ್ತೆ, ಅದೇ ಬೇಜಾರು," ಎಂದಳು. ಮಗುವಿನ ಅಂಗಿ ಮಡಚಿ ಬ್ಯಾಗಿಗಿಟ್ಟಳು. ಅವಳಮ್ಮ ಕಾಫಿ ತರಲು ಒಳಗೆ ಹೋದ ಮೇಲೆ ನನ್ನ ಹತ್ತಿರ ಸರಿದು ಮೆಲ್ಲಗೆ ಕೇಳಿದಳು:

"ಗರ್ಭಕೋಶಾನೇ ತೆಗೆಸ್ಕಂಡ್ರೆ ಎಷ್ಟು ತಿಂಗ್ಳು ಮಲಗ್ಬೋದ್ರಿ?"