ನಾಲ್ಕು ಸ್ಕ್ರೂಗಳ ಬ್ಲೆಂಡರ್

“ಎಸೀಬೇಡ, ಇಲ್ಲಿ ಕೊಡು!” ಟೊರೆನ್ಸ್ ಊರಿನ ನಮ್ಮ ಪಕ್ಕದ ಮನೆಯ ಅಮೆರಿಕನ್ ಅಜ್ಜಿ ಇಂಗ್ಲಿಷಿನಲ್ಲಿ ಗದರಿದರು.

ಯಾರೋ ಮನೆಯ ಹಳೇ ಸಾಮಾನು ಮಾರುತ್ತಿದ್ದ ಗರಾಜ್ ಸೇಲ್‌ನಲ್ಲಿ ತಂದಿದ್ದ ಐವತ್ತರ ದಶಕದ ಬ್ಲೆಂಡರ್, ಇಡ್ಲಿಗೆ ಉದ್ದಿನಬೇಳೆ ರುಬ್ಬುವಾಗ ಕಿಡಿ ಹಾರಿಸಿ ನಿಂತುಹೋಗಿತ್ತು. “ಬಿಸಾಕು, ಹೊಸದು ಆರ್ಡರ್ ಮಾಡ್ತೀನಿ” ಎಂದು ಗಂಡ ಹೇಳಿದ್ದಕ್ಕೆ ಕಸದ ಡಬ್ಬಿಯತ್ತ ಹೊರಟಿದ್ದೆ.

ಯೌವನದಲ್ಲಿ ಕಾರ್ಖಾನೆಯಲ್ಲಿ ಇಂಥವೇ ಮೋಟರು ಜೋಡಿಸುತ್ತಿದ್ದ ಆ ಅಜ್ಜಿ, ತಳದ ನಾಲ್ಕು ಸ್ಕ್ರೂ ಬಿಚ್ಚಿ, ಮೋಟರಿಗೆ ಕರೆಂಟ್ ದಾಟಿಸುವ, ಸವೆದುಹೋದ ಕಾರ್ಬನ್ ಬ್ರಷ್ ತುಂಡನ್ನು ಕಿತ್ತು ನನ್ನ ಅಂಗೈಗಿಟ್ಟರು. “ಇದೊಂದು ಬದಲಿಸು ಸಾಕು. ನಾವು ಸ್ಕ್ರೂ ಹಾಕಿದ್ದೇ ಬಿಚ್ಚಿ ರಿಪೇರಿ ಮಾಡ್ಲಿ ಅಂತ!”

ಬದಲಿಸಿದೆ. ಅದು ಇವತ್ತಿಗೂ ಅಡುಗೆಮನೆ ನಡುಗುವಂತೆ ಅರಚುತ್ತಾ ರುಬ್ಬುತ್ತದೆ. ಈಗ ಅಂಗಡಿಯಲ್ಲಿ ಏನೇ ಕೊಳ್ಳುವ ಮೊದಲೂ ತಲೆಕೆಳಗು ಮಾಡಿ ನೋಡುತ್ತೇನೆ. ಸ್ಕ್ರೂ ಕಾಣದಿದ್ದರೆ ಅಲ್ಲೇ ಇಟ್ಟು ಬರುತ್ತೇನೆ. ನಗುವವರು ನಗಲಿ.