ಶುಕ್ರವಾರ ಮಧ್ಯಾಹ್ನದ ಲೈಬ್ರರಿ ಮೇಡಂ

ಆಗ ನನಗೆ ಅರವತ್ತಾರು. ಅದಕ್ಕೆ ಈಗ ಐದು ವರ್ಷ ಆಯಿತು. ನಮ್ಮ ಪಂಚಾಯತ್ ಲೈಬ್ರರಿಗೆ ಹೊಸದಾಗಿ ಬಂದ ಮೇಡಂ ಎಷ್ಟು ಎತ್ತರ ಎಂದರೆ, ಬಾಗಿಲಲ್ಲಿ ತಲೆ ತಗ್ಗಿಸಿಯೇ ಒಳಗೆ ಹೋಗಬೇಕಿತ್ತು. ಗುಂಗುರು ಕೂದಲನ್ನು ತಲೆಗೆ ಅಂಟಿಸಿದ ಹಾಗೆ ಬಿಗಿಯಾಗಿ ಹೆಣೆಯುತ್ತಿದ್ದರು. ಮಣಿಪಾಲಕ್ಕೆ ಕಲಿಯಲು ಬಂದ ಆಫ್ರಿಕಾದವರು ಇರಬೇಕು ಎಂದು ನಾನು ಕೈಸನ್ನೆ ಮಾಡಿ ಮಾತಾಡಿಸಿದೆ.

"ಬಾಯಲ್ಲೇ ಹೇಳಿ ಅಮ್ಮ, ನಾನು ಯಲ್ಲಾಪುರದವಳು," ಎಂದರು. ಸಿದ್ದಿ ಜನ.

ಕಾಪು ಮತ್ತು ಕಟಪಾಡಿಯ ನಡುವೆ ನಮ್ಮ ಊರು, ಹೆಸರು ಬೇಡ. ಮೀನು ಮಾರ್ಕೆಟಿನ ಎದುರೇ ಲೈಬ್ರರಿ. ಗಂಡಸರು ಪೇಪರ್ ಓದಲು ಹೋಗುತ್ತಿದ್ದರು. ನಾವು ಮೀನು ಮಾರುವ ಹೆಂಗಸರು ಆ ಮೆಟ್ಟಿಲು ಹತ್ತಿದವರಲ್ಲ. ಈ ಮೇಡಂ ಶುಕ್ರವಾರ ಮಧ್ಯಾಹ್ನ, ವ್ಯಾಪಾರ ಮುಗಿಯುವ ಹೊತ್ತಿಗೆ, ನಮ್ಮ ಆರೋಗ್ಯ ನೋಡಲು ನರ್ಸನ್ನು ಕರೆಸಿ ನಮ್ಮನ್ನು ಒಳಗೆ ಕೂರಿಸಿದರು.

ನರ್ಸ್ ನನ್ನನ್ನು ನೋಡಿ, "ನೀರು ಕುಡಿಯುವುದಿಲ್ವಾ ನೀವು?" ಎಂದು ಗದರಿದಳು.

"ಕುಡಿದರೆ ಹೋಗುವುದು ಎಲ್ಲಿಗೆ ಮಾರಾಯ್ತಿ?" ಎಂದೆ.

ಮಾರ್ಕೆಟಿನಲ್ಲಿ ಹೆಂಗಸರಿಗೆ ಪಾಯಿಖಾನೆ ಇರಲಿಲ್ಲ. ಬುಟ್ಟಿ ಹೊತ್ತ ಮೇಲೆ ಮನೆ ಮುಟ್ಟುವ ತನಕ ಬಾಯಿಗೆ ನೀರು ಹಾಕದಿರುವುದು ನಮ್ಮ ಕ್ರಮ. ನನಗೆ ವರ್ಷಗಳಿಂದ ಮೂತ್ರ ಉರಿ. ಯಾರಿಗೂ ಹೇಳಿರಲಿಲ್ಲ. ಮೇಡಂ ಎದ್ದು, ಲೈಬ್ರರಿಯ ಹಿಂದಿನ ಪಾಯಿಖಾನೆಯ ಬೀಗ ತೆಗೆದರು. ಆಮೇಲೆ ಅದನ್ನು ಹಾಕಲೇ ಇಲ್ಲ. ನನ್ನ ಉರಿ ಹೋಯಿತು.

ಒಂದು ಶುಕ್ರವಾರ ಗೋಡೆ ತುಂಬ ಕಪ್ಪು ಜನರ ಚಿತ್ರ ಅಂಟಿಸಿದರು. ಹೊರದೇಶದವರು, ನಡುವೆ ಇವರ ಅಜ್ಜಿ. ಪೇಪರ್ ಓದುವ ಒಬ್ಬ, "ಎಂತ ಮೇಡಂ, ಎಲ್ಲ ನಿಮ್ಮ ನೆಂಟರಾ?" ಎಂದು ಹಲ್ಲು ಕಿರಿದ.

"ಹೌದು. ಹಡಗು ಬೇರೆ, ಅಷ್ಟೆ. ಅವರನ್ನು ಸಮುದ್ರದ ಆಚೆಯ ದೇಶಗಳಲ್ಲಿ ಇಳಿಸಿದರು, ನಮ್ಮನ್ನು ಗೋವೆಯಲ್ಲಿ."

ಅವರ ಹಿರಿಯರನ್ನು ಆಫ್ರಿಕಾದಿಂದ ಹಿಡಿದು ತಂದದ್ದು, ಗುಲಾಮರಾಗಿ ಮಾರಿದ್ದು, ತಪ್ಪಿಸಿಕೊಂಡು ಕಾಡು ಸೇರಿದ್ದು, ಎಲ್ಲ ಹೇಳಿದರು.

"ಕೊಳ್ಳುವಾಗ ಎಂತ ನೋಡುತ್ತಿದ್ದರು?" ಎಂದು ಕೇಳಿದೆ.

"ಹಲ್ಲು. ತೋಳು."

"ನಾವು ಮೀನಿನ ಕಿವಿರು ಬಿಡಿಸಿ ನೋಡಿದ ಹಾಗೆ."

"ಹಾಗೆಯೇ ಅಮ್ಮ."

ಕೊನೆಗೆ ಅವರ ಊರಿನ ದಮಾಮಿ ಎಂಬ ಡೋಲು ಬಡಿದು ನಮ್ಮನ್ನು ಕುಣಿಸಿದರು. ಮಂಡಿ ನೋವಿಗೆ ಒಳ್ಳೆಯದಂತೆ. ನನ್ನ ಮಂಡಿ ಹಾಗೆಯೇ ಉಂಟು. ಆದರೆ ನಗು ಬಂತು.

ಪಂಚಾಯತಿನ ಮೆಂಬರ್ ಒಬ್ಬ ಬಂದು, "ಇದು ಲೈಬ್ರರಿಯಾ, ಮೀನು ಮಾರ್ಕೆಟಾ? ವಾಸನೆ!" ಎಂದ.

"ಕಿಟಕಿ ತೆರೆದು ಕೂತುಕೊಳ್ಳಿ. ಜನರನ್ನು ಹೊರಗೆ ಕೂರಿಸುವ ಕೆಲಸ ನನ್ನಿಂದ ಆಗುವುದಿಲ್ಲ," ಎಂದರು ಮೇಡಂ. ದನಿ ಏರಿಸಲಿಲ್ಲ. ಅವರು ಇದ್ದಷ್ಟು ಕಾಲ ಮತ್ತೆ ಯಾರೂ ಕೇಳಲಿಲ್ಲ.

ಹೋದ ವರ್ಷ ಅವರಿಗೆ ಕ್ಯಾನ್ಸರ್ ಆಯಿತು. ಮಣಿಪಾಲದ ಆಸ್ಪತ್ರೆಗೆ ನೋಡಲು ಹೋದೆ. ಅಷ್ಟು ಎತ್ತರದವರು ಮಂಚದಲ್ಲಿ ಇಷ್ಟೇ ಇಷ್ಟು. ಸಮಾಧಾನ ಹೇಳಲು ನನಗೆ ಬರುವುದಿಲ್ಲ. ಮನಸ್ಸಿನಲ್ಲಿ ಇದ್ದದ್ದನ್ನೇ ಕೇಳಿದೆ: "ನೀವು ಹೋದ ಮೇಲೆ ನಮ್ಮನ್ನು ಒಳಗೆ ಬಿಡದಿದ್ದರೆ?"

"ನಿಮ್ಮ ಬಾಯಿಗೆ ಎಂತ ಆಗಿದೆ?" ಎಂದರು. ಅಷ್ಟೆ ನಮ್ಮ ಕೊನೆಯ ಮಾತು.

ಅವರು ತೀರಿಕೊಂಡ ಮೇಲಿನ ಶುಕ್ರವಾರ ಹೋದರೆ ಲೈಬ್ರರಿಯ ಬಾಗಿಲು ಅರ್ಧ ಮುಚ್ಚಿತ್ತು. ಪಾಯಿಖಾನೆಗೆ ಬೀಗ. ಗೋಡೆ ಖಾಲಿ. ಅದೇ ಮೆಂಬರ್ ಅಡ್ಡ ನಿಂತಿದ್ದ. "ಆ ಮೇಡಂನ ಕಾಲ ಮುಗಿಯಿತಲ್ಲ. ಇನ್ನು ಓದುವವರು ಮಾತ್ರ ಬರಲಿ," ಎಂದ. ಜೊತೆಗಿದ್ದವರು ಬುಟ್ಟಿ ಎತ್ತಿದರು. ನಾನೂ ಎತ್ತಿದೆ.

ಮರುದಿನ ಬೆಳಿಗ್ಗೆ ಮಲ್ಪೆಯಿಂದ ಬಂಗುಡೆ ತಂದ ನಾನು ಮಾರ್ಕೆಟಿಗೆ ಹೋಗಲಿಲ್ಲ. ಪಂಚಾಯತ್ ಕಚೇರಿಯ ಮೆಟ್ಟಿಲ ಮೇಲೆ ಬುಟ್ಟಿ ಇಳಿಸಿ, ಕತ್ತಿ ಹಲಗೆ ಹರಡಿಕೊಂಡು, ಅಲ್ಲೇ ಮೀನು ಕೊಯ್ಯಲು ಕೂತೆ. "ಲೈಬ್ರರಿಯ ಬೀಗ ತೆಗೆಯುವ ತನಕ ನನ್ನ ಮಾರ್ಕೆಟ್ ಇಲ್ಲೇ," ಎಂದು ಬಾಯಿ ಬಿಟ್ಟೇ ಹೇಳಿದೆ.