ಹೆಜ್ಜಾರ್ಲೆ ಕೆರೆಯ ಮನೆಅಳಿಯ

ನನ್ನ ತಮ್ಮ ಇಸಿದೋರ್‌ಗೆ ಅಳಿಯನನ್ನು ಕಂಡರೆ ಆಗುತ್ತಿರಲಿಲ್ಲ. ಅಳಿಯ ಉಣ್ಣಲು ಕೂತರೆ ಇವನು ತಟ್ಟೆ ಎತ್ತಿಕೊಂಡು ಒಲೆಯ ಹತ್ತಿರ ಹೋಗುತ್ತಿದ್ದ. ಅಳಿಯ ಒಲೆಯ ಹತ್ತಿರ ಬಂದರೆ ಬಾಗಿಲು ದಢಾರನೆ ಎಳೆದುಕೊಂಡು ನಾಯಿಗಳ ಹತ್ತಿರ ಹೋಗುತ್ತಿದ್ದ. ಅಲ್ಲೂ ಬಾಯಿ ಸುಮ್ಮನಿರುತ್ತಿರಲಿಲ್ಲ. ನಮಗೆಲ್ಲ ಕೇಳಲಿ ಎಂದೇ ನಾಯಿಗಳಿಗೆ ಗಟ್ಟಿಯಾಗಿ ಹೇಳುತ್ತಿದ್ದ: "ಗೋಧಿ ಹೊಲದಿಂದ ಒಂದು ಎತ್ತು ಬಂದಿದೆ ಕಣ್ರೋ. ನನ್ನ ಮಗಳು ಕಟ್ಕೊಂಡು ಬಂದಿದ್ದಾಳೆ. ಮೇವು ಹಾಕೋಕೆ ನಾನಿದ್ದೀನಲ್ಲ!"

ಎತ್ತು ಅಂದರೆ ದನಿಲೊ. ದಕ್ಷಿಣದ ಬಯಲುಸೀಮೆಯವನು, ಉಕ್ರೇನಿನಿಂದ ಬಂದು ನೆಲೆಸಿದ ರೈತರ ಪೈಕಿ. ಇಸಿದೋರನ ಮಗಳು, ನಮ್ಮ ಅಡೆಲ್, ಪಟ್ಟಣದ ಆಸ್ಪತ್ರೆಯಲ್ಲಿ ಬಟ್ಟೆ ಒಗೆಯುವ ಕೆಲಸಕ್ಕೆ ಹೋಗಿದ್ದಳು. ಹೋಗುವಾಗ ಒಬ್ಬಳೇ ಹೋದಳು, ಬರುವಾಗ ದೋಣಿಯಿಂದ ಇವನನ್ನು ಇಳಿಸಿಕೊಂಡಳು. ಕಂಬದಂಥ ಆಳು, ಚಳಿಗೆ ಕೆಂಪಾದ ಕಿವಿ, ನಮ್ಮ ಬುಡಕಟ್ಟಿನ ಕ್ರೀ ಮಾತನ್ನು ಮಗುವಿನ ಹಾಗೆ ತೊದಲುತ್ತಿದ್ದ. ಅವರ ಮನೆಯ ಹೊಲ ಅಣ್ಣಂದಿರಿಗೇ ಸಾಲದಂತೆ. ಹಾಗಾಗಿ ನಮ್ಮಲ್ಲೇ ಉಳಿದ. ಊರಿನಲ್ಲಿ ಒಬ್ಬರಾದರೂ ಅವನನ್ನು ಕೂತ್ಕೋ ಅಂದಿದ್ದರೆ ಕೇಳಿ. ಅವನು ಅಂಗಡಿಗೆ ಹೋದರೆ ನಮ್ಮ ಇನ್ನೊಬ್ಬ ತಮ್ಮನ ಮಗ ನೊರ್ಬೆರ್ "ಹಂಬಾ" ಎಂದು ಕೂಗುತ್ತಿದ್ದ, ಉಳಿದವರು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು.

ನಗಲಿ, ಹಾಳಾಗಿ ಹೋಗಲಿ. ವಿಷಯ ನಗುವಿನದಾಗಿರಲಿಲ್ಲ, ಕೆರೆಯದಾಗಿತ್ತು. ನಮ್ಮ ನದಿ ಸಾವಿರ ಕಾಲುವೆಯಾಗಿ ಹರಡಿಕೊಳ್ಳುವ ಈ ಜೌಗಿನಲ್ಲಿ ಒಂದೊಂದು ಕೆರೆ ಒಂದೊಂದು ಮನೆಯದು. ಹೆಜ್ಜಾರ್ಲೆ ಕೆರೆ ನಮ್ಮಪ್ಪನದು, ಆಮೇಲೆ ಇಸಿದೋರನದು. ಅದರಲ್ಲಿರುವ ನೀರಿಲಿಯೇ, ಅಂದರೆ ನೀರಲ್ಲಿ ಬದುಕುವ ದಟ್ಟ ತುಪ್ಪಳದ ದೊಡ್ಡ ಇಲಿಯೇ, ನಮಗೆ ಚಳಿಗಾಲದ ಬದುಕು. ಚರ್ಮ ಅಂಗಡಿಗೆ, ಮಾಂಸ ಮಡಕೆಗೆ. ಆದರೆ ಕೆರೆ ಯಾರ ಅಪ್ಪನ ಸ್ವತ್ತೂ ಅಲ್ಲ. ನೋಡಿಕೊಳ್ಳುವ ಕೈ ಇಲ್ಲದಿದ್ದರೆ, ಇಲ್ಲವೇ ಯಾರಾದರೂ ಕೆರೆ ಕೆಡಿಸಿದರೆ, ಹಿಮ ಒಡೆಯುವ ಮೊದಲು ಸೇರುವ ಸಭೆ ಅದನ್ನು ಕಿತ್ತು ಬೇರೆ ಮನೆಗೆ ಕೊಡುತ್ತದೆ. ಇಸಿದೋರನ ಕಣ್ಣೋ, ವರ್ಷವರ್ಷವೂ ವಸಂತದ ಬಿಸಿಲು ಹಿಮದ ಮೇಲೆ ಬಿದ್ದು ಮುಖಕ್ಕೆ ರಾಚಿ ರಾಚಿ ಸುಟ್ಟುಹೋಗಿತ್ತು. ಎದುರು ನಿಂತವನು ಮನುಷ್ಯನೋ ಮರವೋ ಎಂದು ತಿಳಿಯಲು ಅವನಿಗೆ ಮಾತು ಕೇಳಬೇಕಿತ್ತು. ನಾನು ವಿಧವೆ, ಸೊಂಟ ಬಿದ್ದವಳು. ಪಕ್ಕದ ಕೆರೆಯ ನೊರ್ಬೆರ್ ಬಾಯಲ್ಲಿ ನೀರೂರಿಸಿಕೊಂಡು ಕಾಯುತ್ತಿದ್ದ. ಆ ಚಳಿಗಾಲ ದನಿಲೊ ಕೆಲಸ ಕಲಿತರೆ ಕೆರೆ ಉಳಿಯಿತು, ಇಲ್ಲದಿದ್ದರೆ ಹೋಯಿತು.

ಇಸಿದೋರ್ ಕಲಿಸಿದ. ಕಲಿಸಿದ ಅನ್ನುವುದಕ್ಕಿಂತ ಅರೆದ ಅನ್ನಬೇಕು. ಕೆರೆ ಹೆಪ್ಪುಗಟ್ಟಿದ ಮೇಲೆ ನೀರಿಲಿ ಮಂಜುಗಡ್ಡೆಯಲ್ಲಿ ತೂತು ಕೊರೆದು, ಕೆಳಗಿನಿಂದ ಪಾಚಿ, ಬೇರು ತಂದು ಮೇಲೆ ಒಂದು ಗುಪ್ಪೆ ಮಾಡುತ್ತದೆ. ಆ ಗುಪ್ಪೆಯೊಳಗೆ ಕೂತು ಉಸಿರಾಡುತ್ತದೆ, ತಿನ್ನುತ್ತದೆ. ನಾವು ಗುಪ್ಪೆಯ ಮುಚ್ಚಳ ಎತ್ತಿ, ಒಳಗೆ ಬೋನು ಇಟ್ಟು, ಮುಚ್ಚಳ ಹಾಕಿ, ಸುತ್ತ ಹಿಮ ತುಂಬಿ ಒತ್ತಬೇಕು. ಬೆರಳು ಹೋಗುವಷ್ಟು ಸಂದಿ ಬಿಟ್ಟರೂ ಸಾಕು, ರಾತ್ರಿಯ ಚಳಿ ಒಳಗೆ ನುಗ್ಗಿ ತೂತು ಗಟ್ಟಿಯಾಗುತ್ತದೆ, ಕೆಳಗಿನ ಇಲಿಗಳೆಲ್ಲ ಉಸಿರುಕಟ್ಟಿ ಸಾಯುತ್ತವೆ.

ಇದನ್ನು ಹೀಗೆ ನಾಲ್ಕು ಮಾತಿನಲ್ಲಿ ಹೇಳಬಹುದಿತ್ತು. ಇಸಿದೋರ್ ಹೇಳಲಿಲ್ಲ. ದನಿಲೊ ಮುಚ್ಚುವವರೆಗೂ ತುಟಿ ಪಿಟಕ್ಕೆನ್ನದೆ ನಿಂತು, ಆಮೇಲೆ ಬಗ್ಗಿ ಬರಿಗೈಯಲ್ಲಿ ಸುತ್ತ ಸವರಿ, ಸಂದಿ ಸಿಕ್ಕಿದರೆ ಇಡೀ ಗುಪ್ಪೆಯನ್ನೇ ಒದ್ದು ಬಿಚ್ಚುತ್ತಿದ್ದ.

"ಇದೇನೋ ಇದು? ನಿಮ್ಮೂರ ಹಂದಿಗೂಡು ಅಂದ್ಕೊಂಡ್ಯಾ? ಮುಚ್ಚು ಮತ್ತೆ!"

"ಹೇಗೆ ಮುಚ್ಚಬೇಕು ಮಾವ?"

"ಬಾಯಿ ಮುಚ್ಚು ಮೊದಲು. ಆಮೇಲೆ ಗುಪ್ಪೆ ಮುಚ್ಚು."

ಕಾಲುವೆಯಲ್ಲೂ ಅದೇ ಕಥೆ. ಹರಿಯುವ ನೀರಿನ ಮೇಲಿನ ಗಡ್ಡೆ ಎಲ್ಲ ಕಡೆ ಒಂದೇ ದಪ್ಪ ಇರುವುದಿಲ್ಲ, ಕೋಲಿನಿಂದ ಕುಟ್ಟಿ ಸದ್ದು ಕೇಳುತ್ತ ನಡೆಯಬೇಕು. ಅದನ್ನೂ ಹೇಳಲಿಲ್ಲ. ದನಿಲೊ ಗಡ್ಡೆಯ ಅಡಿಯ ಬಿಳಿ ಗುಳ್ಳೆಗಳ ಸಾಲನ್ನು, ಅಂದರೆ ಇಲಿ ಈಜಿದ ದಾರಿಯನ್ನು, ನೋಡುತ್ತ ಹೋದವನು ಸೊಂಟದವರೆಗೆ ಒಳಗೆ ಇಳಿದ. ದಡದಲ್ಲಿ ಜಾರುಬಂಡಿಯ ಮೇಲೆ ಕೂತಿದ್ದ ನನ್ನ ತಮ್ಮ ಕಿಲಕಿಲ ನಕ್ಕ. ನಾನೇ ಕೋಲು ಚಾಚಿ ಎಳೆದೆ. ಪ್ಯಾಂಟು ತಗಡಿನ ಹಾಗೆ ಗಟ್ಟಿಯಾಗಿ, ನಡೆದರೆ ಡಬಡಬ ಸದ್ದಾಗುತ್ತಿತ್ತು. ನನಗೆ ಮೈಯೆಲ್ಲ ಉರಿಯಿತು.

"ಸತ್ತಿದ್ರೆ ಏನೋ ಮಾಡ್ತಿದ್ದೆ?" ಎಂದೆ.

"ಸಾಯಲ್ಲ ಬಿಡಕ್ಕಾ. ಎತ್ತು ತೇಲುತ್ತೆ" ಎಂದ ಇಸಿದೋರ್.

ಅವನು ಒಂದು ಮಾತು ಮಾತ್ರ ಸರಿಯಾಗಿ ಬಿಡಿಸಿ ಹೇಳಿದ್ದ. ಗುಪ್ಪೆ ತೆರೆದಾಗ ತೂತಿನ ಪಕ್ಕ ಒಂದು ಚಿಟಿಕೆ ಹೊಗೆಸೊಪ್ಪು ಇಡುವುದು ನಮ್ಮ ರೂಢಿ, ತೆಗೆದುಕೊಂಡದ್ದಕ್ಕೆ ಬದಲು ಕೊಡುವುದು. ಇಸಿದೋರ್ ಅದಕ್ಕೆ ಕೆಂಪು ತೊಗಟೆ ಪುಡಿಮಾಡಿ ಬೆರೆಸುತ್ತಿದ್ದ. ಊರಲ್ಲಿ ಬೇರೆ ಯಾರೂ ಹಾಗೆ ಬೆರೆಸುವುದಿಲ್ಲ. ದನಿಲೊ ಒಮ್ಮೆ ಚೀಲಕ್ಕೆ ಕೈ ಚಾಚಿದಾಗ ಅವನ ಕೈಗೆ ಫಟ್ಟನೆ ಹೊಡೆದ. "ನೀರಿಗೆ ಸೊಪ್ಪು ಕೊಡೋನು ಕೆರೆ ಯಜಮಾನ. ನೀನು ಮನೆಅಳಿಯ. ಕೆಲಸ ಮಾಡು, ಉಣ್ಣು, ಮಲಗು."

ದನಿಲೊ ಹಾಗೇ ಮಾಡಿದ. ಹಗಲೆಲ್ಲ ಕೆರೆಯ ಮೇಲೆ. ಸಂಜೆ ನನ್ನ ಪಕ್ಕ ಕೂತು ಚರ್ಮ ಸುಲಿಯುವುದು ಕಲಿತ. ಬಾಲದ ಕಡೆಯಿಂದ ಕೊಯ್ದು, ಕಾಲುಚೀಲ ಕಳಚುವ ಹಾಗೆ ಒಂದೇ ಎಳೆತಕ್ಕೆ ತೆಗೆದು ಹಲಗೆಗೆ ಏರಿಸುವುದು. ಮೊದಮೊದಲು ಚಿಂದಿ ಮಾಡಿದ, ನಾನೂ ಚೆನ್ನಾಗಿ ಉಗಿದೆ. ಚಳಿಗಾಲ ನಡುವಿಗೆ ಬರುವಷ್ಟರಲ್ಲಿ ಅವನು ಹಲಗೆಗೆ ಏರಿಸಿದ ಚರ್ಮಗಳಲ್ಲಿ ಒಂದು ಗೀರೂ ಇರಲಿಲ್ಲ. ಗುಪ್ಪೆಯನ್ನಂತೂ ಹೇಗೆ ಮುಚ್ಚುತ್ತಿದ್ದ ಎಂದರೆ, ಇಸಿದೋರ್ ಎಷ್ಟು ಸವರಿದರೂ ಬೆರಳಿಗೆ ಸಂದಿ ಸಿಗದೆ ಸಿಟ್ಟಿನಿಂದ ಬರಿದೇ ಒದೆಯುತ್ತಿದ್ದ. ಆ ಹುಡುಗನ ಮೇಲೆ ನನಗೆ ಆಗಲೇ ಪ್ರೀತಿ ಬಂದಿತ್ತು, ಮುಚ್ಚಿಡುವುದೇಕೆ?

ಸಭೆ ಹತ್ತಿರ ಬಂದಾಗ ದನಿಲೊ ಸೌದೆಗೆಂದು ಮೇಲಿನ ಕಾಡಿಗೆ ಹೋದ, ಮರುದಿನವೇ ಬರುವವನು. ಅವನು ಅತ್ತ ಹೋದದ್ದೇ ತಡ, ಇಸಿದೋರ್ ನಾಯಿಗಳನ್ನು ಬಂಡಿಗೆ ಕಟ್ಟಿದ.

"ಎಲ್ಲಿಗೋ?" ಎಂದೆ.

"ಸೊಲೊಮನ್ ತಾತನ ಮನೆಗೆ. ಹೊಗೆ ಎಳೆಯೋಕೆ. ನಿನ್ನ ಅಪ್ಪಣೆ ಬೇಕಾ?"

ನಾಯಿಗಳಿಗೆ ದಾರಿ ಗೊತ್ತಿತ್ತು, ನಾನು ಸುಮ್ಮನಾದೆ. ಅವನು ತಿರುಗಿ ಬಂದಾಗ ತೋಳಿನವರೆಗೆ ಹಿಮ ಹತ್ತಿತ್ತು. ತಾತನ ಮನೆಯಲ್ಲಿ ಹಿಮದೊಳಗೆ ಕೈ ಹಾಕಿ ಹೊಗೆ ಎಳೆಯುತ್ತಾರಾ ಎಂದು ನನಗೆ ಆಗ ಹೊಳೆಯಲಿಲ್ಲ.

ಎರಡು ದಿನ ಬಿಟ್ಟು ನೊರ್ಬೆರ್ ಬಂದ. ಮುಖದಲ್ಲಿ ದುಃಖ, ಕಣ್ಣಲ್ಲಿ ಹಬ್ಬ. "ದೊಡ್ಡಪ್ಪ, ನಿಮ್ಮ ಕೆರೆಯ ಬಡಗಣ ದಂಡೆ ನೋಡಿದ್ರಾ? ಒಂದಿಡೀ ಸಾಲು ಗುಪ್ಪೆ ಸೆಟೆದು ಹೋಗಿದೆ. ತಾತನಿಗೆ ಹೇಳಿ ಕಳಿಸಿದ್ದೀನಿ."

ಎಲ್ಲರೂ ಹೋದೆವು. ಸಭೆ ನಡೆಸುವ ಸೊಲೊಮನ್ ತಾತನೂ ಬಂದ. ಇಸಿದೋರ್ ಬಂಡಿಯಿಂದ ಇಳಿಯುವ ಮೊದಲೇ ಶುರುಮಾಡಿದ: "ನಾನು ಬಡ್ಕೊಂಡೆ! ಗೋಧಿ ಬಿತ್ತೋ ಕೈಗೆ ಗುಪ್ಪೆ ಕೊಡಬೇಡಿ ಅಂತ ಬಡ್ಕೊಂಡೆ! ನಮ್ಮಪ್ಪನ ಕೆರೆ ಕೊಂದ ಪಾಪಿ!"

ದನಿಲೊ ಎಲ್ಲರಿಗಿಂತ ಮುಂದೆ ಓಡಿ ಮೊದಲ ಗುಪ್ಪೆಯ ಮುಂದೆ ಮಂಡಿಯೂರಿದ. ಅವನ ಹಿಂದೆ ನಾನಿದ್ದೆ. ಮುಚ್ಚಳ ಓರೆಯಾಗಿ ಕೂತಿತ್ತು, ಪಕ್ಕದಲ್ಲಿ ಕೈ ತೂರುವಷ್ಟು ಸಂದಿ. ಎತ್ತಿದ. ತೂತು ಕಲ್ಲಾಗಿತ್ತು. ತೂತಿನ ಪಕ್ಕದಲ್ಲಿ ಹೊಸದಾಗಿ ಇಟ್ಟ ಒಂದು ಚಿಟಿಕೆ ಹೊಗೆಸೊಪ್ಪು, ಅದರಲ್ಲಿ ಕೆಂಪು ತೊಗಟೆ. ಏಸುವೇ! ಅಳಿಯನ ತಪ್ಪು ಹುಡುಕಲು ಬಂದ ಕುರುಡ ಒಂದೊಂದೇ ಬಿಚ್ಚಿ ಸವರಿ ನೋಡಿದ್ದಾನೆ, ರೂಢಿ ಬಿಡದೆ ಸೊಪ್ಪನ್ನೂ ಇಟ್ಟಿದ್ದಾನೆ, ಮುಚ್ಚುವ ಹೊತ್ತಿಗೆ ಮಾತ್ರ ಕಣ್ಣೂ ಕಾಣದೆ, ಚಳಿಗೆ ಜೋಮು ಹಿಡಿದ ಬೆರಳಿಗೂ ಸಂದಿ ತಿಳಿದಿಲ್ಲ.

ನಾನು ಬಾಯಿ ತೆರೆದೆ. ದನಿಲೊ ತಲೆ ಎತ್ತಿ ನನ್ನನ್ನು ಒಮ್ಮೆ ನೋಡಿದ. ನೋಡುತ್ತಲೇ ಆ ದೊಡ್ಡ ಕೈಗವುಸನ್ನು ಸೊಪ್ಪಿನ ಮೇಲೆ ಇಟ್ಟು ಹಿಮದೊಳಗೆ ಅದುಮಿದ. ಮುಂದಿನ ಗುಪ್ಪೆಗೂ ನೊರ್ಬೆರ್‌ಗಿಂತ ಮೊದಲು ಹೋದ. ಅದರ ಮುಂದಿನದಕ್ಕೂ ಹೋದ. ಹಿಂದಿನಿಂದ ನನ್ನ ತಮ್ಮನ ಬೈಗುಳ ಕೇಳುತ್ತಲೇ ಇತ್ತು.

ದಾರಿಯಲ್ಲಿ ನಾನು ಅವನ ತೋಳು ಹಿಡಿದೆಳೆದೆ. "ನಿನಗೇನು ಬುದ್ಧಿ ಇದ್ಯೇನೋ? ಸತ್ಯ ಹೇಳೋ!"

"ಹೇಳಿದ್ರೆ ಕೆರೆ ಹೋಗುತ್ತೆ ಅತ್ತೆ. ಹೊಸಬನ ಮೊದಲನೇ ಚಳಿಗಾಲದ ತಪ್ಪನ್ನ ಸಭೆ ಹಿಡಿಯಲ್ಲ. ಹಳಬನದು ಹಿಡಿಯುತ್ತೆ. ಅಡೆಲ್ ಹೇಳಿದ್ಲು."

ಅದು ನಿಜ. ನಮ್ಮಲ್ಲಿ ಹಾಗೇ.

ಸಭೆಯಲ್ಲಿ ಸೊಲೊಮನ್ ತಾತ ಕೇಳಿದ, "ಯಾರು ಬಿಚ್ಚಿದ್ದು?"

"ನಾನೇ ತಾತ. ಮುಚ್ಚೋದು ಸರಿಯಾಗಿ ಬರಲಿಲ್ಲ" ಎಂದ ದನಿಲೊ.

"ಕೇಳಿದ್ರಲ್ಲ? ಇಂಥವನ ಕೈಲಿ ಕೆರೆ ಬಿಡ್ತೀರಾ?" ಎಂದು ನೊರ್ಬೆರ್ ಎದ್ದ.

"ಕೂತ್ಕೊಳ್ಳೋ. ನೀನು ಮೊದಲನೇ ವರ್ಷ ನಿಮ್ಮಪ್ಪನ ಗುಡಾರ ಸುಟ್ಟಿದ್ದೆ, ನಾವು ಕಿತ್ಕೊಂಡ್ವಾ ನಿನ್ನ ಕೆರೆ? ಇವನು ಹೊಸಬ, ಬಿಟ್ಟಿದ್ದೀವಿ. ಇದೇ ಕೆಲಸ ಇಸಿದೋರ್ ಮಾಡಿದ್ರೆ ಈವತ್ತೇ ಕಿತ್ಕೊಂಡು ನಿನಗೆ ಕೊಡ್ತಿದ್ವಿ" ಎಂದ ತಾತ.

ಎಲ್ಲರೂ ನಕ್ಕರು. ಇಸಿದೋರ್ ಎಲ್ಲರಿಗಿಂತ ಗಟ್ಟಿಯಾಗಿ ನಕ್ಕ, ಆಮೇಲೆ ಎದ್ದು ನಿಂತು ತುಂಬಿದ ಸಭೆಯಲ್ಲಿ ಅಳಿಯನ ಹುಟ್ಟನ್ನೂ ಊರನ್ನೂ ಬಾಯಿಗೆ ಬಂದಂತೆ ಜಾಲಾಡಿದ. ದನಿಲೊ ಟೋಪಿ ಕೈಯಲ್ಲಿ ಹಿಡಿದು ತಲೆ ತಗ್ಗಿಸಿ ಕೇಳಿದ. ಅಡೆಲ್ ಗೋಡೆಯ ಕಡೆ ತಿರುಗಿ ಅತ್ತಳು.

ಹೊರಗೆ ಬಂದ ಮೇಲೆ ನಾನು ಮತ್ತೆ ಗಂಟುಬಿದ್ದೆ. "ಕೆರೆ ಉಳೀತಲ್ಲ, ಇನ್ನು ಮನೆಯೊಳಗಾದ್ರೂ ಹೇಳು."

"ಬೇಡ ಅತ್ತೆ. ಬೈಯೋ ಮಾವನ ಜೊತೆ ಬದುಕೋದು ಕಲ್ತಿದ್ದೀನಿ. ನನ್ನ ಹಂಗಿನಲ್ಲಿರೋ ಮಾವನ ಜೊತೆ ಬದುಕೋಕೆ ನನ್ನ ಕೈಲಾಗಲ್ಲ."

ಅವನ ಕೈಲಾಗದಿದ್ದರೆ ಬೇಡ. ನನ್ನ ಕೈಲೂ ಒಂದು ಆಗುವುದಿಲ್ಲ, ಬಾಯಿ ಮುಚ್ಚಿಕೊಂಡಿರುವುದು. ಆ ಸಂಜೆ ಹುರಿದ ನೀರಿಲಿ, ದಪ್ಪ ರೊಟ್ಟಿ, ಚಹಾ ಇಟ್ಟು ಕೂತಿದ್ದೆವು. ದನಿಲೊ ರೊಟ್ಟಿಗೆ ಕೈ ಹಾಕಿದ. ಸದ್ದು ಕೇಳಿದ ಇಸಿದೋರ್ ತಡವುತ್ತ ತಟ್ಟೆಯನ್ನೇ ಎಳೆದುಕೊಂಡ.

"ಕೆರೆ ಕೊಂದೋನಿಗೆ ಕೆರೆಯ ಮಾಂಸ ಬೇರೆ! ಅಡೆಲ್, ನೀರು ಬಿಟ್ಕೊಂಡ ದಿನ ಇವನನ್ನ ದೋಣಿ ಹತ್ತಿಸು."

ನಾನು ಚಹಾದ ಲೋಟವನ್ನು ಮೇಜಿಗೆ ಕುಕ್ಕಿದೆ. "ಗುಪ್ಪೆ ಪಕ್ಕದಲ್ಲಿ ಹೊಸ ಸೊಪ್ಪಿತ್ತು ಕಣೋ! ಕೆಂಪು ತೊಗಟೆ ಸೊಪ್ಪು! ಯಾವ ಯಜಮಾನ ಇಟ್ಟಿದ್ದೋ ಅದನ್ನ? ಈ ಹುಡುಗ ತನ್ನ ಕೈಯಾರೆ ಹಿಮದಲ್ಲಿ ಹೂತು ನಿನ್ನ ಮಾನ, ನಿನ್ನ ಕೆರೆ ಎರಡೂ ಉಳಿಸಿದ. ಅದೇ ಕೆರೆಯ ಅನ್ನವನ್ನ ಅವನ ಮುಂದಿನಿಂದ ಕಿತ್ಕೊಳ್ತೀಯಲ್ಲೋ. ಥೂ ನಿನ್ನ!"

"ಅತ್ತೆ!" ಎಂದ ದನಿಲೊ. ನನ್ನ ಮೇಲೆ ಅವನು ದನಿ ಎತ್ತಿದ್ದು ಅದೊಂದೇ ಸಲ.

ಇಸಿದೋರನ ಕೈ ಸೊಂಟದ ಚೀಲಕ್ಕೆ ಹೋಯಿತು. ಅದನ್ನು ಒಮ್ಮೆ ಸವರಿದ. ಆಮೇಲೆ ತಟ್ಟೆಯನ್ನು ಮೇಜಿನ ನಡುವಿಗೆ ತಳ್ಳಿ ಎದ್ದು ಹೋದ. ಅವತ್ತು ನಾಯಿಗಳಿಗೂ ಏನೂ ಹೇಳಲಿಲ್ಲ.

ಕ್ಷಮೆ ಕೇಳಿದನಾ ಎಂದು ಕೇಳಬೇಡಿ. ಹಿಮ ಒಡೆಯಿತು, ದೋಣಿಗಳು ಬಂದವು, ಹೋದವು. ಬೇಸಿಗೆಯೆಲ್ಲ ಮಾವ ಅಳಿಯನ ಜೊತೆ ಒಂದು ಮಾತಾಡಲಿಲ್ಲ, ಬೈಗುಳವೂ ಇಲ್ಲ. ನಾನು ಹೇಳಬಾರದಿತ್ತು ಎಂದು ದನಿಲೊ ನನ್ನ ಮೇಲೆ ಮುನಿಸಿಕೊಂಡೇ ಇದ್ದ. ಇರಲಿ, ನಾನೇನು ಸುಳ್ಳು ಹೇಳಿದ್ದೆನಾ? ಆ ಮನೆಯ ಮೌನಕ್ಕಿಂತ ಹಿಂದಿನ ಕಿರುಚಾಟವೇ ವಾಸಿ ಎಂದು ಅಡೆಲ್ ಎಷ್ಟೋ ಸಲ ಅಂದಳು.

ಮತ್ತೆ ಕೆರೆ ಹೆಪ್ಪುಗಟ್ಟಿತು. ದನಿಲೊ ಹಾರೆ, ಬೋನು ಬಂಡಿಗೆ ಹಾಕುತ್ತಿದ್ದಾಗ ಇಸಿದೋರ್ ಯಾರೂ ಕರೆಯದೆ ಬಂದು ಬಂಡಿ ಹತ್ತಿ ಕೂತ. ಬಡಗಣ ದಂಡೆಯಲ್ಲಿ ಗುಪ್ಪೆಗಳು ಕಡಿಮೆ ಇದ್ದವು, ಆದರೆ ಇದ್ದವು. ಮೊದಲನೆಯದರ ಮುಚ್ಚಳ ಎತ್ತಿ, ಬೋನು ಇಟ್ಟು, ದನಿಲೊ ಎಂದಿನಂತೆ ಪಕ್ಕಕ್ಕೆ ಸರಿದ, ಮಾವ ಸೊಪ್ಪು ಇಡಲಿ ಎಂದು.

ಇಸಿದೋರ್ ಬಗ್ಗಲಿಲ್ಲ. ಸೊಂಟದ ಚೀಲ ಬಿಚ್ಚಿ, ಉಸಿರಾಟದ ಸದ್ದು ಎಲ್ಲಿಂದ ಬರುತ್ತಿದೆ ಎಂದು ಕಿವಿಗೊಟ್ಟು, ಅಳಿಯನ ಎದೆಗೆ ಬೀಸಿ ಹೊಡೆದ. ಚೀಲ ಹಿಮದ ಮೇಲೆ ಬಿತ್ತು.

"ಎತ್ಕೊಳ್ಳೋ ಎತ್ತೇ. ಇನ್ನು ಮೇಲೆ ನೀನೇ ಇಡು" ಎಂದ. "ಈ ಕೆರೆಯಲ್ಲಿ ಇನ್ನೊಂದು ಸಲ ತಪ್ಪಾದ್ರೆ, ಅದು ನಿನ್ನದೇ ಅಂತ ಎಲ್ಲರಿಗೂ ಗೊತ್ತಾಗಲಿ."